ಕೋಲಾರ ಕಾಣುತ್ತದೆ, ಸಿಗುವುದಿಲ್ಲ

ಹಿಂದಿನ ಸಂಚಿಕೆಯಲ್ಲಿ ಬೇರೇನೋ ಬರೆಯುತ್ತ, ಫೈಲ್ ಪಾತ್‌ಗಳನ್ನು (ಫೈಲು ಯಾವ ಫೋಲ್ಡರಿನಲ್ಲಿದೆ ಎಂದು ಹೇಳುವ ವಿಳಾಸ) ಬರೀ ಸ್ಟ್ರಿಂಗ್ ಆಗಿ, ಅಂದರೆ ಅಕ್ಷರಗಳ ಸಾಲಾಗಿ, ಇಟ್ಟುಕೊಳ್ಳುವುದು ಕೆಟ್ಟ ಚಾಳಿ ಎಂದು ಒಂದು ಸಾಲು ಸೇರಿಸಿದ್ದೆ. ಆ ಸಾಲಿಗೆ ಬಂದಷ್ಟು ಪತ್ರ ಉಳಿದ ಇಡೀ ಅಂಕಣಕ್ಕೆ ಬಂದಿಲ್ಲ. ಹಾಗಾಗಿ ಈ ಸಲ ಪೂರ್ತಿ ಪಾತ್ ಪುರಾಣವೇ.

ಪ್ರಶ್ನೆ: ನಾನು ಪೈಥಾನ್ ಭಾಷೆಯಲ್ಲಿ ಪಾತ್‌ಗಳನ್ನು ಸ್ಟ್ರಿಂಗ್ ಆಗಿಯೇ ಜೋಡಿಸುತ್ತೇನೆ, ಇಲ್ಲಿಯವರೆಗೆ ತೊಂದರೆ ಆಗಿಲ್ಲ. ಅದರ ಪಾತ್‌ಲಿಬ್ ಎಂಬ ಲೈಬ್ರರಿ ಭಾಗಾಕಾರದ ಚಿಹ್ನೆಯನ್ನು ಫೋಲ್ಡರ್ ಸೇರಿಸಲು ಬಳಸುತ್ತದೆ. ಇದು ಜಾಣತನದ ಪ್ರದರ್ಶನ ಅಷ್ಟೇ ಅಲ್ಲವೇ? (ಇಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ)

ಭಾಗಾಕಾರದ ಚಿಹ್ನೆಯ ಬಗ್ಗೆ ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಅದು ಇದ್ದರೂ ಸರಿ, ಇಲ್ಲದಿದ್ದರೂ ಸರಿ; ಸಿ++ ಭಾಷೆಯ 2017ರ ಆವೃತ್ತಿ ಕೂಡ ಅದನ್ನೇ ಮಾಡಿತು, ಆಕಾಶವೇನೂ ಬೀಳಲಿಲ್ಲ. ಪಾತ್‌ಲಿಬ್‌ನ ಬೆಲೆ ಇರುವುದು ಬೇರೆ ಕಡೆ.

ನಿಮ್ಮ ಪ್ರೋಗ್ರಾಂ /ಮನೆ/ಕಥೆ ಎಂಬ ಫೋಲ್ಡರಿನ ಒಳಗಿರುವ ಫೈಲುಗಳನ್ನು ಮಾತ್ರ ಅಳಿಸಬೇಕು ಎಂದಿಟ್ಟುಕೊಳ್ಳಿ. ಒಂದು ಫೈಲು ಅದರ ಒಳಗಿದೆಯೋ ಇಲ್ಲವೋ ಎಂದು ಹೇಗೆ ನೋಡುತ್ತೀರಿ? ಸ್ಟ್ರಿಂಗ್ ಆಗಿದ್ದರೆ 'ಇದರಿಂದ ಶುರುವಾಗುತ್ತದೆಯೇ' ಎಂದು ಕೇಳುತ್ತೀರಿ. /ಮನೆ/ಕಥೆಗಳು/ಒಂದು ಎಂಬ ಪಾತ್ /ಮನೆ/ಕಥೆ ಎಂದೇ ಶುರುವಾಗುತ್ತದಲ್ಲ! ಸ್ಟ್ರಿಂಗ್ ಹೌದು ಎನ್ನುತ್ತದೆ, ಪಕ್ಕದ ಫೋಲ್ಡರಿನ ಕಥೆಗಳು ಮಾಯವಾಗುತ್ತವೆ. ಪಾತ್‌ಗೆ ಅದೇ ಪ್ರಶ್ನೆ ಹಾಕಿದರೆ ಅದು ಅಕ್ಷರ ಹೋಲಿಸುವುದಿಲ್ಲ, ಭಾಗ ಭಾಗ ಹೋಲಿಸುತ್ತದೆ: 'ಮನೆ' ಸರಿ, 'ಕಥೆ' ಬೇರೆ, 'ಕಥೆಗಳು' ಬೇರೆ. (ಪೈಥಾನ್‌ನಲ್ಲಿ ಇದಕ್ಕೆಂದೇ ಒಂದು ಮೆಥಡ್, ಅಂದರೆ ಪಾತ್‌ನದೇ ಫಂಕ್ಷನ್, 3.9ನೇ ಆವೃತ್ತಿಯಲ್ಲಿ ಬಂತು. ಅಷ್ಟು ತಡ ಯಾಕೋ.)

ಹಾಗಾದರೆ ಪಾತ್ ಅನ್ನು ಸ್ಟ್ರಿಂಗಿನ ಮರಿ ಮಾಡಿ, ಹೊಸ ಮೆಥಡ್ ಸೇರಿಸಿದರೆ ಸಾಲದೇ ಎನ್ನುವ ಯೋಚನೆ ಪೈಥಾನ್ ಲೋಕದಲ್ಲೂ ಇತ್ತು. 2006ರ ಪೆಪ್ 355 (ಪೆಪ್ ಎಂದರೆ ಪೈಥಾನ್ ಬದಲಾವಣೆಗೆ ಸಲ್ಲಿಸುವ ಪ್ರಸ್ತಾವ) ಕೇಳಿದ್ದು ಅದನ್ನೇ. ಅದು ತಿರಸ್ಕೃತವಾಯಿತು. ಕಾರಣ ಎರಡು: ಪಾತ್‌ಗೆ ಸಂಬಂಧಪಟ್ಟ ಕಂಡ ಕಂಡ ಕೆಲಸವನ್ನೆಲ್ಲ ಒಂದೇ ಕ್ಲಾಸಿಗೆ ತುರುಕಿದ್ದು, ಮತ್ತು ಸ್ಟ್ರಿಂಗ್‌ನಿಂದ ಹುಟ್ಟಿಸಿದ್ದು. ಎರಡನೆಯದೇ ನನಗೆ ಮುಖ್ಯ. ಸ್ಟ್ರಿಂಗಿನ ಮರಿಯಾದರೆ ಅದರ ಆಸ್ತಿಯೆಲ್ಲ ಬರುತ್ತದೆ: ದೊಡ್ಡಕ್ಷರ ಮಾಡು, ನಡುವೆ ಕತ್ತರಿಸು, ಒಂದೊಂದೇ ಅಕ್ಷರ ಎಣಿಸು. ಪಾತ್ ಮೇಲೆ ಇವಕ್ಕೆ ಅರ್ಥವೇ ಇಲ್ಲ. ಆಂಟ್ವಾನ್ ಪಿಟ್ರೂ 2012ರಲ್ಲಿ ಬರೆದ ಪೆಪ್ 428 ಆ ನಂಟನ್ನು ಕಡಿದು ಹಾಕಿತು; 2014ರ ಪೈಥಾನ್ 3.4ರಲ್ಲಿ ಪಾತ್‌ಲಿಬ್ ಬಂದದ್ದು ಅದರಿಂದ.

ಆದರೆ ನಂಟು ಕಡಿದರೆ ಊರವರೂ ಒಪ್ಪಬೇಕಲ್ಲ. ಪೈಥಾನ್‌ನ ಸ್ವಂತ 'ಓಪನ್' ಫಂಕ್ಷನ್‌ಗೇ ಈ ಹೊಸ ಪಾತ್ ಕೊಟ್ಟರೆ ತೆಗೆದುಕೊಳ್ಳುತ್ತಿರಲಿಲ್ಲ! ಪ್ರತಿ ಕಡೆ ಅದನ್ನು ಮತ್ತೆ ಸ್ಟ್ರಿಂಗ್ ಮಾಡಿ ಕೊಡಬೇಕಿತ್ತು. ಪೆಪ್ 519 ಬಂದು, 2016ರ ಕೊನೆಯ 3.6ರಲ್ಲಿ ಉಳಿದ ಲೈಬ್ರರಿ ಪಾತ್ ಅನ್ನು ನೇರ ತೆಗೆದುಕೊಳ್ಳತೊಡಗಿದ ಮೇಲೇ ಜನ ಅದನ್ನು ನಿಜವಾಗಿ ಬಳಸಿದ್ದು. ಪಾತ್‌ಲಿಬ್ ಬಗ್ಗೆ ಈಗಲೂ ಗೊಣಗುವ ಹಳಬರಲ್ಲಿ ಅರ್ಧ ಜನ ಆ ನಡುವಿನ ಕಾಲದಲ್ಲಿ ಕೈ ಸುಟ್ಟುಕೊಂಡವರು.

ಪ್ರಶ್ನೆ: ಜಿಲ್ಲೆಗೊಂದು ಫೋಲ್ಡರ್ ಮಾಡಿ ಜಾನಪದ ಗೀತೆಗಳ ಧ್ವನಿಮುದ್ರಣ ಇಟ್ಟಿದ್ದೇವೆ. ಹಳೆಯ ಮ್ಯಾಕ್‌ನಿಂದ ಎಲ್ಲವನ್ನೂ ಲಿನಕ್ಸ್ ಸರ್ವರ್‌ಗೆ ಸಾಗಿಸಿದೆವು. ಈಗ ನಮ್ಮ ಪ್ರೋಗ್ರಾಂಗೆ ಹಾಸನ, ಮಂಡ್ಯ, ಧಾರವಾಡ, ಬೆಂಗಳೂರು ಸಿಗುತ್ತವೆ. ಕೋಲಾರ, ಮೈಸೂರು, ಬೀದರ್, ಕೊಡಗು ಸಿಗುವುದಿಲ್ಲ. ಪರದೆಯ ಮೇಲೆ ಫೋಲ್ಡರ್ ಕಣ್ಣೆದುರಿಗೇ ಇದೆ! (ಉಪನ್ಯಾಸಕಿ, ಶಿರಸಿ)

ಈ ತಿಂಗಳ ಬಹುಮಾನದ ಪ್ರಶ್ನೆ ಇದು. ಸಿಕ್ಕ ಊರು, ಸಿಗದ ಊರು ಎಂದು ಎರಡು ಪಟ್ಟಿ ಮಾಡಿ ಕಳಿಸಿದ್ದೀರಿ. ಉತ್ತರ ಆ ಪಟ್ಟಿಯಲ್ಲೇ ಇದೆ.

ಸಿಗದ ಹೆಸರುಗಳ ಸ್ವರಚಿಹ್ನೆ ನೋಡಿ. ಕೋ, ಮೈ, ಬೀ, ಕೊ. ಯೂನಿಕೋಡ್‌ನಲ್ಲಿ (ಅಕ್ಷರಗಳಿಗೆ ಕಂಪ್ಯೂಟರಿನ ಸಂಕೇತ ಕೊಡುವ ಪದ್ಧತಿ) ಈ ಚಿಹ್ನೆಗಳನ್ನು ಎರಡು ರೀತಿ ಬರೆಯಬಹುದು. 'ಕೋ' ಎಂಬುದರ ಓತ್ವವನ್ನು ಒಂದೇ ಸಂಕೇತವಾಗಿ ಇಡಬಹುದು. ಅಥವಾ ಬಿಡಿಸಿ, ಎತ್ವ, ಊಕಾರದ ಚಿಹ್ನೆ, ದೀರ್ಘದ ಚಿಹ್ನೆ ಎಂದು ಮೂರು ಸಂಕೇತವಾಗಿ ಇಡಬಹುದು. ಕಣ್ಣಿಗೆ ಎರಡೂ ಕೋಲಾರವೇ. ಮೊದಲನೆಯದರಲ್ಲಿ 5 ಸಂಕೇತ, ಎರಡನೆಯದರಲ್ಲಿ 7. ಹಾಗೇ 'ಬೀ'ಯ ದೀರ್ಘ, 'ಮೈ'ಯ ಐತ್ವ, 'ಕೊ'ದ ಒತ್ವ ಒಂದೊಂದೂ ಎರಡಾಗಿ ಒಡೆಯುತ್ತವೆ. ಹಾಸನದಲ್ಲಿ, ಮಂಡ್ಯದಲ್ಲಿ, ಬೆಂಗಳೂರಿನಲ್ಲಿ ಒಡೆಯುವಂಥದ್ದು ಏನೂ ಇಲ್ಲ. ಅದಕ್ಕೇ ಅವು ಬಚಾವ್. ನಿಮ್ಮ ಪಟ್ಟಿಯಲ್ಲಿ ಹಾವೇರಿ, ಶಿವಮೊಗ್ಗ, ಕೊಪ್ಪಳ ಇದ್ದರೆ ಅವೂ ಸಿಗುತ್ತಿರಲಿಕ್ಕಿಲ್ಲ. ಗದಗ, ಚಿತ್ರದುರ್ಗ ಸಿಗುತ್ತಿರಬೇಕು. ಪರೀಕ್ಷಿಸಿ ನೋಡಿ.

ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಎಂಬ ಫೈಲ್ ವ್ಯವಸ್ಥೆ ಹೆಸರುಗಳನ್ನು ಹೀಗೆ ಬಿಡಿಸಿಯೇ ಡಿಸ್ಕಿಗೆ ಬರೆಯುತ್ತಿತ್ತು. ನೀವು ಒಂದೇ ಸಂಕೇತವಾಗಿ ಟೈಪ್ ಮಾಡಿದರೂ ಒಳಗೆ ಹೋಗಿ ಮೂರಾಗುತ್ತಿತ್ತು. ಮ್ಯಾಕ್‌ನಲ್ಲೇ ಇರುವಷ್ಟು ಹೊತ್ತು ಗೊತ್ತಾಗುವುದಿಲ್ಲ, ಹುಡುಕುವಾಗಲೂ ಅದು ಬಿಡಿಸಿಕೊಂಡೇ ಹುಡುಕುತ್ತದೆ. 2017ರಿಂದ ಮ್ಯಾಕ್‌ಗೆ ಬಂದ ಹೊಸ ವ್ಯವಸ್ಥೆ ಎಪಿಎಫ್‌ಎಸ್ ಬರೆದದ್ದನ್ನು ಬರೆದಂತೆ ಉಳಿಸುತ್ತದೆ. ಲಿನಕ್ಸ್‌ಗಂತೂ ಇದರ ಗೊಡವೆಯೇ ಇಲ್ಲ. ಫೈಲಿನ ಹೆಸರೆಂದರೆ ಅದಕ್ಕೆ ಬೈಟ್‌ಗಳ ಸಾಲು, ಸ್ಲ್ಯಾಶ್ ಮತ್ತು ಸೊನ್ನೆ ಬೈಟ್ ಬಿಟ್ಟು ಏನಿದ್ದರೂ ನಡೆಯುತ್ತದೆ. ನಿಮ್ಮ ಪ್ರೋಗ್ರಾಂ ಒಂದು ಕೋಲಾರ ಕೇಳುತ್ತಿದೆ, ಡಿಸ್ಕಿನಲ್ಲಿರುವುದು ಇನ್ನೊಂದು ಕೋಲಾರ.

ಈಗ ಮದ್ದು. ಹೆಸರನ್ನು ಊಹಿಸಿ ತೆರೆಯಬೇಡಿ. ಫೋಲ್ಡರಿನ ಒಳಗೆ ಏನೇನಿದೆ ಎಂದು ಮೊದಲು ಪಟ್ಟಿ ತೆಗೆಯಿರಿ. ಹೋಲಿಸುವಾಗ ನಿಮ್ಮ ಹೆಸರನ್ನೂ ಅದರ ಹೆಸರನ್ನೂ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಬಿಡಿಸದೆ ಕೂಡಿಸಿದ ರೂಪಕ್ಕೆ, ತಂದು ಹೋಲಿಸಿ. ಪೈಥಾನ್‌ನ ಯೂನಿಕೋಡ್‌ಡೇಟಾ ಮಾಡ್ಯೂಲಿನಲ್ಲಿ ನಾರ್ಮಲೈಸ್ ಎಂಬ ಫಂಕ್ಷನ್ ಇದೆ. ಆದರೆ ತೆರೆಯುವಾಗ ಮಾತ್ರ ಡಿಸ್ಕ್ ಕೊಟ್ಟ ಹೆಸರನ್ನೇ, ಕೈ ಹಾಕದೆ, ಹಾಗೇ ವಾಪಸ್ ಕೊಡಿ. ಒಂದು ಸಲ ಎಲ್ಲ ಫೋಲ್ಡರಿಗೂ ಎನ್‌ಎಫ್‌ಸಿ ರೂಪದಲ್ಲೇ ಮರುನಾಮಕರಣ ಮಾಡಿಬಿಟ್ಟರೆ ಇನ್ನೂ ಒಳ್ಳೆಯದು. ಮಾಡುವ ಮುಂಚೆ, ಒಂದೇ ಜಾಗದಲ್ಲಿ ಎರಡೂ ಬಗೆಯ ಕೋಲಾರ ಇದೆಯೇ ನೋಡಿಕೊಳ್ಳಿ. ಲಿನಕ್ಸ್‌ನಲ್ಲಿ ಇರಬಹುದು, ಅಕ್ಕಪಕ್ಕದಲ್ಲೇ.

ಈ ಕೆಲಸವನ್ನು ಪಾತ್ ಲೈಬ್ರರಿ ತಾನೇ ಮಾಡಬಾರದೇ ಎಂದು ನೀವು ಕೇಳಿಲ್ಲ, ಇನ್ನೊಬ್ಬರು ಕೇಳಿದ್ದಾರೆ. ಮಾಡಬಾರದು ಎಂಬುದೇ ನನ್ನ ಅಭಿಪ್ರಾಯ. ತಾನಾಗಿ ತಿದ್ದುವ ಲೈಬ್ರರಿಗೆ ಆ ಎರಡನೇ ಕೋಲಾರವನ್ನು ಎಂದೂ ತೆರೆಯಲಾಗುವುದಿಲ್ಲ. ಈ ವಿಷಯದಲ್ಲಿ ನನಗೆ ರಸ್ಟ್ ಭಾಷೆಯ ನಡೆ ಹಿಡಿಸುತ್ತದೆ. ಅಲ್ಲಿ ಆಪರೇಟಿಂಗ್ ಸಿಸ್ಟಮ್ ಕೊಟ್ಟ ಹೆಸರಿಗೆ ಬೇರೆಯೇ ಟೈಪ್. ಅದನ್ನು ಮಾಮೂಲಿ ಸ್ಟ್ರಿಂಗ್ ಮಾಡಿಕೊಡು ಎಂದರೆ 'ಆಗಬಹುದು, ಆಗದೆಯೂ ಇರಬಹುದು' ಎಂಬ ಉತ್ತರ ಬರುತ್ತದೆ, ಎರಡಕ್ಕೂ ನೀವು ಕೋಡ್ ಬರೆಯಲೇಬೇಕು. ಬರೆಯುವಾಗ ಪೀಡೆ ಎನಿಸುತ್ತದೆ. ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದಾಗ ಎನಿಸುವುದಿಲ್ಲ. ಪೈಥಾನ್ 3.1ರಿಂದ, ಅಂದರೆ 2009ರಿಂದ, ಯುಟಿಎಫ್-8 (ಯೂನಿಕೋಡ್ ಸಂಕೇತಗಳನ್ನು ಬೈಟುಗಳಾಗಿ ಬರೆಯುವ ರೀತಿ) ಅಲ್ಲದ ಬೈಟುಗಳನ್ನು ಸ್ಟ್ರಿಂಗಿನ ಒಳಗೆ ಗುಟ್ಟಾಗಿ ಅಡಗಿಸಿಕೊಂಡು ಹೋಗಿ, ಡಿಸ್ಕಿಗೆ ವಾಪಸ್ ಕೊಡುವಾಗ ಬಿಚ್ಚಿಡುತ್ತದೆ. ಅದೂ ಕೆಲಸ ಮಾಡುತ್ತದೆ, ನೀವು ಆ ಹೆಸರನ್ನು ಪರದೆಗೆ ಪ್ರಿಂಟ್ ಮಾಡಲು ಹೋಗುವವರೆಗೆ.

ಪ್ರಶ್ನೆ: ವಿಂಡೋಸ್‌ನಲ್ಲಿ ಇಟ್ಟಿದ್ದ ಉದ್ದನೆಯ ಕನ್ನಡ ಹೆಸರಿನ ಫೈಲು ಲಿನಕ್ಸ್‌ಗೆ ಹಾಕುವಾಗ 'ಹೆಸರು ತುಂಬ ಉದ್ದ' ಎನ್ನುತ್ತದೆ. ಅದಕ್ಕಿಂತ ಉದ್ದದ ಇಂಗ್ಲಿಷ್ ಹೆಸರು ಹೋಗುತ್ತದೆ. ಇದೇನು ತಾರತಮ್ಯ? (ಗ್ರಂಥಪಾಲಕರು, ವಿಜಯಪುರ)

ಇಬ್ಬರ ಮಿತಿಯೂ 255, ಎಣಿಸುವ ರೀತಿ ಬೇರೆ. ವಿಂಡೋಸ್‌ನ ಫೈಲ್ ವ್ಯವಸ್ಥೆ ಎನ್‌ಟಿಎಫ್‌ಎಸ್ ಒಂದು ಕನ್ನಡ ಸಂಕೇತವನ್ನು ಒಂದು ಎಂದೇ ಲೆಕ್ಕ ಹಾಕುತ್ತದೆ. ಲಿನಕ್ಸ್‌ನ ಎಕ್ಸ್‌ಟಿ4 ಬೈಟ್ ಎಣಿಸುತ್ತದೆ. ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಸಂಕೇತಕ್ಕೂ 3 ಬೈಟ್. 'ಲಕ್ಷ್ಮಿ' ಕಣ್ಣಿಗೆ ಎರಡಕ್ಷರ, ಒಳಗೆ 7 ಸಂಕೇತ, ಡಿಸ್ಕಿನಲ್ಲಿ 21 ಬೈಟ್. ಒಟ್ಟು 85 ಸಂಕೇತಕ್ಕೆ ನಿಮ್ಮ ಕೋಟಾ ಮುಗಿಯಿತು, ಒತ್ತಕ್ಷರ ಜಾಸ್ತಿಯಿದ್ದರೆ ನಾಲ್ಕೈದು ಪದಕ್ಕೇ ಅರ್ಧ ಖಾಲಿ. ಪ್ರಬಂಧದ ಪೂರ್ತಿ ಶೀರ್ಷಿಕೆಯನ್ನು ಫೈಲಿನ ಹೆಸರಾಗಿ ಇಡುವ ಅಭ್ಯಾಸ ಬಿಡಿ ಎನ್ನುವುದೊಂದೇ ನಾನು ಹೇಳಬಲ್ಲದ್ದು.

ಪ್ರಶ್ನೆ: ವಿಂಡೋಸ್ ಯಾಕೆ ಹಿಮ್ಮುಖ ಸ್ಲ್ಯಾಶ್ ಬಳಸುತ್ತದೆ? ಎಲ್ಲರಂತೆ ಇರಬಾರದಿತ್ತೇ? (ಉಡುಪಿ)

ವಿಂಡೋಸ್‌ನ ಪೂರ್ವಜ ಡಾಸ್; 1981ರ ಮೊದಲ ಡಾಸ್‌ನಲ್ಲಿ ಫೋಲ್ಡರುಗಳೇ ಇರಲಿಲ್ಲ. ಕಮಾಂಡ್‌ಗಳಿಗೆ ಆಯ್ಕೆ ಹೇಳಲು / ಚಿಹ್ನೆ ಆಗಲೇ ಬಳಕೆಯಲ್ಲಿತ್ತು. 1983ರ 2.0ರಲ್ಲಿ ಫೋಲ್ಡರ್ ಬಂದಾಗ ಆ ಸೀಟು ಭರ್ತಿಯಾಗಿದ್ದರಿಂದ \ ಬಂತು. 'ಎಲ್ಲರಂತೆ' ಎನ್ನುವುದೂ ಪೂರ್ತಿ ಸರಿಯಲ್ಲ: ಮಲ್ಟಿಕ್ಸ್ ಎಂಬ ಹಳೆಯ ಆಪರೇಟಿಂಗ್ ಸಿಸ್ಟಮ್ > ಬಳಸುತ್ತಿತ್ತು, ಹಳೆಯ ಮ್ಯಾಕ್ : ಬಳಸುತ್ತಿತ್ತು. ಪೈಥಾನ್ ಬರೆಯುವವರಿಗೆ ಇದರಿಂದ ಆಗುವ ತೊಂದರೆ ಎಂದರೆ, ಉದ್ಧರಣ ಚಿಹ್ನೆಯ ಒಳಗೆ \ ಬಂದು ಅದರ ಹಿಂದೆಯೇ ಇಂಗ್ಲಿಷ್ ಸಣ್ಣ 'ಎನ್' ಬಂದರೆ ಹೊಸ ಸಾಲು, ಸಣ್ಣ 'ಟಿ' ಬಂದರೆ ಟ್ಯಾಬ್. ಸಿ ಡ್ರೈವಿನ 'ಯೂಸರ್ಸ್' ಫೋಲ್ಡರಿನ ದೊಡ್ಡ 'ಯು' ಬಂದರಂತೂ ಪ್ರೋಗ್ರಾಂ ಶುರುವೇ ಆಗುವುದಿಲ್ಲ. ವಿಂಡೋಸ್‌ನಲ್ಲೂ / ಎಂದೇ ಬರೆಯಿರಿ, ಪಾತ್‌ಲಿಬ್ ಅದನ್ನು ತಿರುಗಿಸಿಕೊಳ್ಳುತ್ತದೆ.

ಪ್ರಶ್ನೆ: ನಮ್ಮ ತಂಡ ಕಂಪನಿಯ ಒಳಬಳಕೆಗೆ ಒಂದು ಸಣ್ಣ ಸ್ಕ್ರಿಪ್ಟಿಂಗ್ ಭಾಷೆ ಕಟ್ಟುತ್ತಿದೆ. ಪಾತ್‌ಗಳಿಗೆ ಯಾವ ಭಾಷೆಯ ಮಾದರಿ ಅನುಸರಿಸಬೇಕು? (ಸಾಫ್ಟ್‌ವೇರ್ ಇಂಜಿನಿಯರ್, ಬೆಂಗಳೂರು)

ಯಾವುದನ್ನೂ ಇಡಿಯಾಗಿ ಅಲ್ಲ. ಆದರೆ ಪೈಥಾನ್‌ನಿಂದ ಒಂದನ್ನು ಕಣ್ಣು ಮುಚ್ಚಿ ಕದಿಯಿರಿ: ಡಿಸ್ಕ್ ಮುಟ್ಟದ ಪಾತ್ ಬೇರೆ, ಡಿಸ್ಕ್ ಮುಟ್ಟುವ ಪಾತ್ ಬೇರೆ ಎಂಬ ವಿಂಗಡಣೆ. ಅಲ್ಲಿ ಮೊದಲನೆಯದಕ್ಕೆ ಪ್ಯೂರ್‌ಪಾತ್ ಎನ್ನುತ್ತಾರೆ. ಹೆಸರು, ತಂದೆ ಫೋಲ್ಡರ್, ಭಾಗಗಳು ಎಲ್ಲ ಲೆಕ್ಕಾಚಾರ ಅದಕ್ಕೆ ಬರುತ್ತದೆ. ಫೈಲು ಇದೆಯೇ ಎಂದು ಕೇಳಲು ಬರುವುದಿಲ್ಲ. ನಾನು ಕೆಲಸ ಮಾಡುವ ಸಂಗ್ರಹಾಲಯಕ್ಕೆ ಬೇರೆ ಬೇರೆ ಊರಿನ ವಿಂಡೋಸ್ ಕಂಪ್ಯೂಟರುಗಳಿಂದ ಫೈಲ್ ಪಟ್ಟಿ ಬರುತ್ತದೆ, ಓದುವುದು ಲಿನಕ್ಸ್ ಸರ್ವರ್. ಆ ಪಾತ್‌ಗಳು ಇಲ್ಲಿ ಎಲ್ಲೂ ಇಲ್ಲ, ಇದ್ದರೂ ನಮಗೆ ಬೇಡ. ವಿಂಡೋಸ್ ಬಗೆಯ ಪ್ಯೂರ್‌ಪಾತ್ ಮಾಡಿದರೆ ಡ್ರೈವ್, ಫೋಲ್ಡರ್, ಹೆಸರು ಎಂದು ಅಚ್ಚುಕಟ್ಟಾಗಿ ಬಿಡಿಸಿಕೊಡುತ್ತದೆ. ಪೈಥಾನ್‌ನ ಹಳೆಯ ಓಎಸ್.ಪಾತ್ ಮಾಡ್ಯೂಲಿನಲ್ಲಿ ಓಡುತ್ತಿರುವ ಯಂತ್ರದ ನಿಯಮವೇ ಜಗತ್ತಿನ ನಿಯಮ. ಬೇರೆಯದು ಬೇಕಾದರೆ ಒಳಗಿನ ಮಾಡ್ಯೂಲನ್ನು ಹುಡುಕಿಕೊಂಡು ಹೋಗಬೇಕು.

ಪೈಥಾನ್‌ನಿಂದ ಕದಿಯಬಾರದ್ದು, ಜೋಡಿಸುವ ನಿಯಮ. /ಸಂಗ್ರಹ ಎಂಬುದಕ್ಕೆ /ಗುಟ್ಟು ಎಂದು ಸೇರಿಸಿದರೆ ಪೈಥಾನ್ ಮೊದಲನೆಯದನ್ನು ಕಸಕ್ಕೆ ಎಸೆದು /ಗುಟ್ಟು ಎನ್ನುತ್ತದೆ. ರಸ್ಟ್ ಕೂಡ ಹಾಗೇ. ಗೋ ಭಾಷೆ ಎರಡನ್ನೂ ಸೇರಿಸಿ /ಸಂಗ್ರಹ/ಗುಟ್ಟು ಎನ್ನುತ್ತದೆ. ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಫಂಕ್ಷನ್: ಜಾಯಿನ್ ಸೇರಿಸುತ್ತದೆ, ರಿಸಾಲ್ವ್ ಎಸೆಯುತ್ತದೆ. 'ಶೆಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಜಾಗ) ಒಂದಾದ ಮೇಲೊಂದು ಸಿಡಿ (ಫೋಲ್ಡರ್ ಬದಲಿಸುವ ಕಮಾಂಡ್) ಕೊಟ್ಟಂತೆ' ಎಂಬುದು ಎಸೆಯುವವರ ವಾದ, ಅದರಲ್ಲಿ ತರ್ಕವಿದೆ. ಆದರೆ ಜಾಯಿನ್ ಬರೆಯುವವರಲ್ಲಿ ಹೆಚ್ಚಿನವರ ಮನಸ್ಸಿನಲ್ಲಿರುವುದು 'ಈ ಫೋಲ್ಡರಿನ ಒಳಗೆ' ಎಂಬ ಅರ್ಥ. ಎರಡನೆಯ ತುಂಡು ಬಳಕೆದಾರರಿಂದಲೋ ಯಾವುದೋ ಜಿಪ್ ಫೈಲಿನಿಂದಲೋ ಬಂದಿದ್ದರೆ ಆ ಅಂತರದಲ್ಲೇ ಕಳ್ಳ ನುಗ್ಗುವುದು. ಟಾರ್ ಕಟ್ಟುಗಳನ್ನು ಬಿಚ್ಚುವ ಪೈಥಾನ್‌ನ ಟಾರ್‌ಫೈಲ್ ಮಾಡ್ಯೂಲಿನ ಇಂಥದೇ ಕಿಂಡಿಗೆ 2007ರಲ್ಲೇ ಸಿವಿಇ (ಭದ್ರತಾ ದೋಷಗಳ ಬಹಿರಂಗ ಪಟ್ಟಿ) ಸಂಖ್ಯೆ ಸಿಕ್ಕಿತ್ತು. ಸುರಕ್ಷಿತ ಬಗೆಯಲ್ಲಿ ಬಿಚ್ಚುವುದೇ ತಾನಾಗಿ ನಡೆಯುವಂತಾದದ್ದು 2025ರ 3.14ರಲ್ಲಿ.

ನಿಮ್ಮ ಭಾಷೆಯಲ್ಲಿ ಬಲಗಡೆ ಪೂರ್ಣ ಪಾತ್ (ಬುಡದಿಂದಲೇ ಶುರುವಾಗುವುದು) ಬಂದರೆ ಜಾಯಿನ್ ಎರರ್ ಕೊಡಲಿ. ಎಸೆಯುವುದೇ ಬೇಕಾದವರಿಗೆ ಬೇರೆ ಹೆಸರಿನ ಫಂಕ್ಷನ್ ಕೊಡಿ. ಇನ್ನೂ ಒಂದು ಹೆಜ್ಜೆ ಹೋಗಬಹುದು: ಪೂರ್ಣ ಪಾತ್, ಸಾಪೇಕ್ಷ ಪಾತ್ ಎರಡು ಟೈಪ್ ಮಾಡಿ, ಪೂರ್ಣದ ಬಲಕ್ಕೆ ಪೂರ್ಣ ಇಡಲು ಕಂಪೈಲರ್ ಬಿಡದಂತೆ ಮಾಡುವುದು. ಸಣ್ಣ ಭಾಷೆಗೆ ಅದು ಭಾರವಾದೀತು ಎಂದು ನನ್ನ ಗುಮಾನಿ.

ಆಮೇಲೆ ಎರಡು ಚುಕ್ಕಿಯ ಕಥೆ; ಎರಡು ಚುಕ್ಕಿ ಎಂದರೆ ಒಂದು ಫೋಲ್ಡರ್ ಮೇಲಕ್ಕೆ ಹೋಗು ಎಂದು. /ಸಂಗ್ರಹ/ಹೊಸದು/.. ಎಂದರೆ /ಸಂಗ್ರಹ ತಾನೇ? 'ಹೊಸದು' ನಿಜವಾದ ಫೋಲ್ಡರ್ ಆಗಿದ್ದರೆ ಹೌದು. ಅದು /ಡಿಸ್ಕ್2/ಈವರ್ಷ ಎಂಬಲ್ಲಿಗೆ ಕೈ ತೋರಿಸುವ ಸಿಮ್‌ಲಿಂಕ್ ಆಗಿದ್ದರೆ ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಲೆಕ್ಕದಲ್ಲಿ ಉತ್ತರ /ಡಿಸ್ಕ್2. ಇದನ್ನು ನೀವೇ ನೋಡಬಹುದು: ಅಂಥ ಲಿಂಕಿನ ಒಳಗೆ ನಿಂತು ಶೆಲ್‌ನಲ್ಲಿ 'ಸಿಡಿ ..' ಕೊಟ್ಟರೆ ಒಂದು ಜಾಗ, 'ಎಲ್‌ಎಸ್ ..' ಕೊಟ್ಟರೆ ಇನ್ನೊಂದು ಜಾಗದ ಪಟ್ಟಿ. ಗೋ ಭಾಷೆಯ ಜಾಯಿನ್ ಅಕ್ಷರ ನೋಡಿಯೇ ಚುಕ್ಕಿಗಳನ್ನು ಹೊಡೆದುಹಾಕುತ್ತದೆ. ಪಾತ್‌ಲಿಬ್ ಅವನ್ನು ಮುಟ್ಟದೆ ಬಿಡುತ್ತದೆ, ಬೇಕೆಂದರೆ ರಿಸಾಲ್ವ್ ಮಾಡಿಸಿ ಡಿಸ್ಕನ್ನೇ ಕೇಳು ಎನ್ನುತ್ತದೆ. ಪಾತ್‌ಲಿಬ್ ಹಾದಿಯೇ ಸರಿ. ಡಿಸ್ಕ್ ನೋಡದೆ ಗೊತ್ತಾಗದ ಉತ್ತರವನ್ನು ಡಿಸ್ಕ್ ನೋಡದ ಫಂಕ್ಷನ್ ಕೊಡಕೂಡದು.

ಫೋಲ್ಡರಿನ ಆಚೆಗೆ ಯಾರೂ ಹೋಗದಂತೆ ಬೇಲಿ ಹಾಕುವುದೇ ಉದ್ದೇಶವಾದರೆ ಹೆಸರು ಪರೀಕ್ಷಿಸುತ್ತ ಕೂರಬೇಡಿ. ನೀವು ಪರೀಕ್ಷಿಸಿದ ಮೇಲೆ, ತೆರೆಯುವ ಮುಂಚೆ ಲಿಂಕ್ ಬದಲಾಗಬಹುದು. 2025ರ ಫೆಬ್ರವರಿಯಲ್ಲಿ ಬಂದ ಗೋ 1.24ರಲ್ಲಿ ಓಎಸ್.ರೂಟ್ ಎಂಬುದು ಇದೆ: ಒಂದು ಫೋಲ್ಡರ್ ತೆರೆದು ಹಿಡಿದುಕೊಳ್ಳುತ್ತೀರಿ, ಅದರ ಮೂಲಕ ತೆರೆದ ಯಾವ ಹೆಸರೂ ಆ ಫೋಲ್ಡರ್ ದಾಟಿ ಹೋಗುವುದಿಲ್ಲ, ಲಿಂಕ್ ಇದ್ದರೂ. ಅದನ್ನು ನೋಡಿ ಕಲಿಯಿರಿ.

ಪಾತ್‌ಲಿಬ್‌ನ ಅತಿಶುಚಿತ್ವವನ್ನೂ ಬಿಟ್ಟುಬಿಡಿ. ಕೊನೆಯ ಸ್ಲ್ಯಾಶ್ ಅನ್ನು ಅದು ನುಂಗುತ್ತದೆ. ಫೈಲು ನಕಲಿಸುವ ಆರ್‌ಸಿಂಕ್‌ಗೆ ಆ ಸ್ಲ್ಯಾಶ್ ಇದ್ದರೆ ಒಂದು ಅರ್ಥ, ಇಲ್ಲದಿದ್ದರೆ ಇನ್ನೊಂದು. ಮೊದಲಿನ ./ ಕೂಡ ನುಂಗುತ್ತದೆ. ಈ ಫೋಲ್ಡರಿನಲ್ಲೇ ಇರುವ ಪ್ರೋಗ್ರಾಂ ಓಡಿಸು ಎನ್ನಲು ಅದು ಬೇಕೇ ಬೇಕು. ವೆಬ್ ವಿಳಾಸ ಕೊಟ್ಟರೆ ಜೋಡಿ ಸ್ಲ್ಯಾಶ್ ಒಂದಾಗಿ ವಿಳಾಸ ಹಾಳು. ಇನ್ನು ದೊಡ್ಡಕ್ಷರ ಸಣ್ಣಕ್ಷರ: ವಿಂಡೋಸ್ ಪಾತ್‌ಗಳನ್ನು ಅದು ಎರಡೂ ಒಂದೇ ಎಂದು ಹೋಲಿಸುತ್ತದೆ, ಉಳಿದೆಡೆ ಬೇರೆ ಎನ್ನುತ್ತದೆ. ಮ್ಯಾಕ್‌ನ ಡಿಸ್ಕ್ ಮಾಮೂಲಾಗಿ ಎರಡನ್ನೂ ಒಂದೇ ಎನ್ನುವುದರಿಂದ ಅಲ್ಲಿ ಆ ಉತ್ತರ ಸುಳ್ಳು. ಅದು ಡಿಸ್ಕಿನ ಗುಣ, ಆಪರೇಟಿಂಗ್ ಸಿಸ್ಟಮ್ಮಿನದಲ್ಲ. ಕನ್ನಡದಲ್ಲಿ ಹೆಸರಿಡುವವರಿಗೆ ಈ ತಲೆನೋವು ಇಲ್ಲ, ನಮ್ಮಲ್ಲಿ ದೊಡ್ಡಕ್ಷರವೇ ಇಲ್ಲವಲ್ಲ.

ಪ್ರಶ್ನೆ: ಸಂಘದ ಸಭೆಗಳ ವರದಿಗಳನ್ನು ಪಿಡಿಎಫ್ ಮಾಡುವ ಸ್ಕ್ರಿಪ್ಟ್ ಬರೆದೆ. ಹೆಸರುಗಳು 'ವರದಿ 12.5.2018', 'ವರದಿ 12.5.2019' ಹೀಗೆ. ವರದಿಗಳಿಗಿಂತ ಪಿಡಿಎಫ್‌ಗಳು ಕಡಿಮೆ ಬಂದಿವೆ, ಎರರ್ ಒಂದೂ ಇಲ್ಲ. (ನಿವೃತ್ತ ಬ್ಯಾಂಕ್ ಉದ್ಯೋಗಿ, ಸಾಗರ)

ಪಾತ್‌ಲಿಬ್‌ನ ವಿತ್ ಸಫಿಕ್ಸ್ ಎಂಬ ಮೆಥಡ್ ಬಳಸಿದ್ದೀರಿ, ಸರಿಯೇ? ಕೊನೆಯ ಚುಕ್ಕಿಯಿಂದ ಆಚೆಗಿರುವುದೆಲ್ಲ ಅದರ ಪಾಲಿಗೆ ಬಾಲ. ನಿಮ್ಮ ಫೈಲುಗಳ ಬಾಲ '.2018' ಮತ್ತು '.2019'. ಎರಡನ್ನೂ ಕತ್ತರಿಸಿ ಪಿಡಿಎಫ್ ಅಂಟಿಸಿದರೆ ಎರಡಕ್ಕೂ ಒಂದೇ ಹೆಸರು, 'ವರದಿ 12.5.ಪಿಡಿಎಫ್'. ಎರಡನೆಯದು ಮೊದಲನೆಯದರ ಮೇಲೆ ಕೂತಿದೆ. 'ಡಾ. ವರದಿ' ಎಂದು ಹೆಸರಿಟ್ಟರೆ ವರದಿಯೇ ಬಾಲವಾಗಿ ಹೋಗಿ 'ಡಾ' ಮಾತ್ರ ಉಳಿಯುತ್ತದೆ. ಬಾಲ ಬದಲಿಸುವುದು, ಬಾಲ ಸೇರಿಸುವುದು ಎರಡು ಬೇರೆ ಕೆಲಸ; ಮೊದಲನೆಯದಕ್ಕೆ ಮಾತ್ರ ಮೆಥಡ್ ಕೊಟ್ಟು ಎರಡನೆಯದನ್ನು ಬಳಸುವವರ ತಲೆಗೆ ಬಿಟ್ಟದ್ದು ಪಾತ್‌ಲಿಬ್‌ನ ಕೊರತೆ ಎಂದೇ ನಾನು ಹೇಳುತ್ತೇನೆ. ನಿಮ್ಮ ಕೆಲಸಕ್ಕೆ: ಪಾತ್‌ನ ನೇಮ್ ತೆಗೆದುಕೊಂಡು, ಅದರ ಕೊನೆಗೆ '.ಪಿಡಿಎಫ್' ಸೇರಿಸಿ, ವಿತ್ ನೇಮ್ ಎಂಬ ಮೆಥಡ್‌ಗೆ ಕೊಡಿ. ಮೂಲ ವರದಿಗಳಿಗೆ ಏನೂ ಆಗಿಲ್ಲ, ಇನ್ನೊಮ್ಮೆ ಓಡಿಸಿದರೆ ಸಾಕು. ಇನ್ನು ಮುಂದೆ ದಿನಾಂಕವನ್ನು 2026-05-12 ಎಂಬಂತೆ ಬರೆದರೆ ಈ ತಾಪತ್ರಯವೂ ಇಲ್ಲ, ಫೋಲ್ಡರಿನಲ್ಲಿ ವರದಿಗಳು ತಾವಾಗಿಯೇ ಕಾಲಕ್ರಮದಲ್ಲಿ ನಿಲ್ಲುತ್ತವೆ.